ಮಹದಾಯಿ ವಾದದಲ್ಲಿ ಎದುರಿನವರ ಬಾಯಿ ಮುಚ್ಚಿಸುವ ಆಲೋಚನೆಯನ್ನೇ ಬಿಡಿ

ಗೋವಾದ ವೆರ್ಣಾದಲ್ಲಿರುವ ನಿಮ್ಮ ಕಾರ್ಖಾನೆಯಲ್ಲಿ ಮಹದಾಯಿ ನದಿ ನೀರಿನ ಮಾತು ಬಂದಾಗಲೆಲ್ಲ ಸಹೋದ್ಯೋಗಿಯೊಬ್ಬರು ನಿಮ್ಮನ್ನು 'ಘಾಂಟಿ' (ಘಟ್ಟದ ಕಡೆಯವನು) ಎಂದು ಹೀಯಾಳಿಸುತ್ತಾರೆ, ಅವರ ಬಾಯಿ ಮುಚ್ಚಿಸಲು ಯಾವ ಅಂಕಿ-ಅಂಶ ಹೇಳಬೇಕು ಎಂದು ಕೇಳಿದ್ದೀರಿ. ಆ ಅಂಕಿ-ಅಂಶಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಅವುಗಳಿಂದಲೇ ನಾನು ಒಬ್ಬ ಗೆಳೆಯನನ್ನು ಕಳೆದುಕೊಂಡೆ.

ನಾನು ನವಲಗುಂದ ತಾಲ್ಲೂಕಿನವನು. 2015ರಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಧರಣಿ ಕುಳಿತಾಗ ನಮ್ಮ ಮನೆಯವರೂ ಅವರ ಜೊತೆಗಿದ್ದರು. ಮಹದಾಯಿ ಕೊಳ್ಳದ ನೀರನ್ನು ನಮ್ಮ ಕಡೆಯ ಮಲಪ್ರಭಾ ನದಿಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯ ಪರಿಷ್ಕೃತ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ಸಿಕ್ಕ ಸುದ್ದಿ 2022ರ ಡಿಸೆಂಬರ್ ಕೊನೆಯಲ್ಲಿ ಬಂದು ಗೋವಾ ಕೆರಳಿದಾಗ, ಕ್ಯಾಂಟೀನಿನಲ್ಲಿ ನಮ್ಮ ವಿಭಾಗದವನೊಬ್ಬ, ನೀರು ಕದಿಯುವವರು ಅನ್ನಕ್ಕೆ ಇಲ್ಲಿಗೇ ಬರುತ್ತಾರೆ ಎಂದು ಎಲ್ಲರಿಗೂ ಕೇಳುವಂತೆ ಅಂದ. ನಾನು ತಟ್ಟೆಯನ್ನು ಬದಿಗೆ ಸರಿಸಿ ಲೆಕ್ಕ ಒಪ್ಪಿಸತೊಡಗಿದೆ. 2018ರ ಆಗಸ್ಟ್‌ನಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟದ್ದು 13.42 ಟಿಎಂಸಿ, ಅದರಲ್ಲಿ ಮಲಪ್ರಭೆಗೆ ತಿರುಗಿಸಲಿರುವುದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಮಾತ್ರ, ಗೋವಾಕ್ಕೆ 24. ಇಷ್ಟು ನೀರು ನಿಮಗೆ ಯಾವ ಲೆಕ್ಕ, ಹೇಗೂ ಸಮುದ್ರಕ್ಕೆ ಹೋಗುವುದು ತಾನೇ ಎಂದು ಕೊನೆಗೆ ಸೇರಿಸಿದೆ. ಆತ ನಗುತ್ತಾ ಎದ್ದುಹೋದ.

ನನ್ನ ಪಕ್ಕದಲ್ಲೇ ಕುಳಿತಿದ್ದವನು ಸತ್ತರಿ ತಾಲ್ಲೂಕಿನವನು. ಹೊಳೆಯ ದಡದಲ್ಲಿ ಅವನ ಮನೆಯವರಿಗೆ ಕುಳಾಗರ, ಅಂದರೆ ಅಡಿಕೆ-ತೆಂಗಿನ ತೋಟವಿದೆ. ಕನ್ನಡದವರಿಗೆ ಮನೆ ಕೊಡಲು ವಾಸ್ಕೋದಲ್ಲಿ ಹಲವರು ಹಿಂಜರಿದಾಗ ತಾನೇ ಜಾಮೀನು ನಿಂತು ನನಗೆ ಬಾಡಿಗೆ ಕೋಣೆ ಕೊಡಿಸಿದವನು ಅವನು. ನಾನು ಮಾತನಾಡಿದ್ದು ಕೆಣಕಿದವನ ಕಡೆಗೆ ಮುಖ ಮಾಡಿ. ಆದರೆ ಅಷ್ಟೂ ಮಾತನ್ನು ಗಮನವಿಟ್ಟು ಕೇಳಿದವನು ಇವನೊಬ್ಬನೇ. ಕೆಣಕಿದವನಿಗೆ ಹೊಳೆಯೊಂದಿಗೆ ಯಾವ ಸಂಬಂಧವೂ ಇರಲಿಲ್ಲ, ಅವನಿಗೆ ಬೇಕಾಗಿದ್ದುದು ಜಗಳ. ಇವನಿಗಾದರೋ ನಿಜವಾದ ಆತಂಕವಿತ್ತು, ಮತ್ತು ಆ ಆತಂಕಕ್ಕೆ ನನ್ನ ಲೆಕ್ಕದಲ್ಲಿ ಉತ್ತರವೂ ಇರಲಿಲ್ಲ: ಟಿಎಂಸಿಯ ಮೊತ್ತ ಇಡೀ ವರ್ಷದ್ದು, ಅದರ ಬಹುಪಾಲು ಮಳೆಗಾಲದ್ದು, ಅವನು ಕೇಳುತ್ತಿದ್ದುದು ಏಪ್ರಿಲ್-ಮೇ ತಿಂಗಳ ಹರಿವಿನ ಬಗ್ಗೆ. ಬೇಸಿಗೆಯಲ್ಲಿ ಸಿಹಿನೀರಿನ ಹರಿವು ಸೊರಗಿದಷ್ಟೂ ಕೆಳಗಡೆ ಮಾಂಡೋವಿಯಲ್ಲಿ (ಗೋವಾದಲ್ಲಿ ಮಹದಾಯಿಗೆ ಇರುವ ಹೆಸರು) ಉಬ್ಬರದ ಉಪ್ಪುನೀರು ಒಳಕ್ಕೆ ನುಗ್ಗುತ್ತದೆ ಎಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ಕೆಲವು ದಿನಗಳ ನಂತರ ಅವನು, "ನಮ್ಮ ತೋಟವನ್ನು ನೀನು ಸಮುದ್ರದ ಲೆಕ್ಕಕ್ಕೆ ಬರೆದುಬಿಟ್ಟೆ" ಎಂದಷ್ಟೇ ಹೇಳಿದ. ಆಮೇಲೆ ಊಟಕ್ಕೆ ನನ್ನ ಜೊತೆ ಕೂರಲಿಲ್ಲ. ನನ್ನೂರಿನ ಹೊಲ ಒಣಗಿದ್ದು ಎಷ್ಟು ನಿಜವೋ ಅವನ ತೋಟದ ಭಯವೂ ಅಷ್ಟೇ ನಿಜ ಎಂದು ಅಂದೇ ಹೇಳಿದ್ದರೆ ನನ್ನ ಊರಿಗೆ ಯಾವ ನಷ್ಟವೂ ಆಗುತ್ತಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೀಯಾಳಿಸುವವನ ಬಾಯಿ ಮುಚ್ಚಿಸುವುದು ನಿಮ್ಮ ಕೆಲಸವಲ್ಲ, ಕರ್ನಾಟಕದ ವಕಾಲತ್ತು ವಹಿಸುವುದಂತೂ ಅಲ್ಲವೇ ಅಲ್ಲ. ನ್ಯಾಯಮಂಡಳಿಯ ತೀರ್ಪನ್ನು ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ರಾಜ್ಯಗಳು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿವೆ; ಅದು ಊಟದ ಮೇಜಿನಲ್ಲಿ ಇತ್ಯರ್ಥವಾಗುವ ವಿಷಯವಲ್ಲ. ಅವನಿಗೆ "ಈ ಧಾಟಿಯಲ್ಲಿ ನಾನು ಮಾತನಾಡುವುದಿಲ್ಲ" ಎಂಬ ಒಂದೇ ಮಾತು ಹೇಳಿ, ಬೇರೆ ಮಾತಿಗೆ ಹೊರಳಿ. ಅದೇ ಮೇಜಿನಲ್ಲಿ ಸತ್ತರಿಯವರೋ ಬಿಚೋಲಿಯವರೋ ಇದ್ದರೆ, ಅವರೊಬ್ಬರೇ ಸಿಕ್ಕಾಗ ಬೇಸಿಗೆಯಲ್ಲಿ ಅವರ ಕಡೆ ಹೊಳೆ ಹೇಗಿರುತ್ತದೆ ಎಂದು ಕೇಳಿ, ನಿಮ್ಮೂರಿನಲ್ಲಿ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂಬುದನ್ನೂ ಹೇಳಿ. ಅಂಕಿಗಳಿಗೆ ಬೆಲೆ ಬರುವುದು ಅಂಥ ಮಾತುಕತೆಯಲ್ಲಿಯೇ.

'ಘಾಂಟಿ' ಎಂಬ ನಿಂದನೆಯ ವಿಷಯ ಬೇರೆ. ಅದನ್ನು ಸಹಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ದಿನಾಂಕ, ಆಡಿದ ಮಾತು, ಅಲ್ಲಿದ್ದವರ ಹೆಸರು ಬರೆದಿಟ್ಟುಕೊಂಡು ಮೇಲಧಿಕಾರಿಗೆ ಲಿಖಿತ ದೂರು ಕೊಡಿ. ಆದರೆ ದೂರಿನಲ್ಲಿ ನದಿಯ ಹೆಸರನ್ನೇ ಎತ್ತಬೇಡಿ. ಎತ್ತಿದರೆ ಇದು ಎರಡು ರಾಜ್ಯಗಳ ಜಗಳವೆಂದು ಹೇಳಿ ಅವರು ಕೈತೊಳೆದುಕೊಳ್ಳುತ್ತಾರೆ.