ಸಕ್ಕರೆ ಕಾಯಿಲೆ ಆ್ಯಪ್ ಅಧ್ಯಯನಕ್ಕೆ ವಲಸಿಗ ಸಮುದಾಯದವರು ಸೇರುತ್ತಿಲ್ಲ, ಸೇರಿದವರೂ ಉಳಿಯುತ್ತಿಲ್ಲ. ಏನು ಮಾಡಲಿ?

ಬರ್ಮಿಂಗ್‌ಹ್ಯಾಮ್‌ನಲ್ಲಿ ಪಾಕಿಸ್ತಾನಿ, ಬಾಂಗ್ಲಾದೇಶಿ ಮೂಲದವರು ನಿಮ್ಮ ಅಧ್ಯಯನಕ್ಕೆ ಸೇರುವುದೇ ಕಡಿಮೆ, ಸೇರಿದವರೂ ವಾರದೊಳಗೆ ನಾಪತ್ತೆ, ನೋಟಿಫಿಕೇಶನ್ ಹೆಚ್ಚಿಸೋಣವೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಇಂಗ್ಲೆಂಡಿನಲ್ಲಿ ಇಂಥ ಅಧ್ಯಯನಗಳಿಗೆ ಜನ ಸೇರಿಸುವುದೇ ನನ್ನ ಕೆಲಸ. ನಾನು ಕಂಡಂತೆ, ಆ್ಯಪ್ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಅದನ್ನು ಅವರಿಗೆ ಹೇಳಿದವರು ಯಾರು ಅನ್ನುವುದೇ ಮುಖ್ಯ.

ಬಿಟ್ಟುಹೋಗುವುದು ನಿಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ 8 ಆ್ಯಪ್ ಅಧ್ಯಯನಗಳ ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಒಟ್ಟು ಸೇರಿಸಿದ ಒಂದು ವಿಶ್ಲೇಷಣೆ 2020ರಲ್ಲಿ ಬಂತು. ಅರ್ಧದಷ್ಟು ಜನ ಐದೂವರೆ ದಿನಕ್ಕೇ ಕೈಬಿಟ್ಟಿದ್ದರು. ಹಣ ಕೊಟ್ಟ ಕಡೆ ಈ ಅವಧಿ ಸುಮಾರು 22 ದಿನ ಹೆಚ್ಚಿತ್ತು. ವೈದ್ಯರು ಹೇಳಿ ಸೇರಿಸಿದ ಕಡೆ ಸುಮಾರು 40 ದಿನ ಹೆಚ್ಚು. ಹಾಗಂತ ಜಿಪಿ, ಅಂದರೆ ಅಲ್ಲಿನ ಕುಟುಂಬ ವೈದ್ಯರ ಹೆಸರಲ್ಲಿ ಸಾವಿರ ಜನಕ್ಕೆ ಒಂದೇ ಮೆಸೇಜ್ ಕಳಿಸಿದರೆ ಅದು ಲೆಕ್ಕಕ್ಕಿಲ್ಲ. ಸಕ್ಕರೆ ನೋಡುವ ನರ್ಸ್, ಬೀದಿ ಮೂಲೆಯ ಫಾರ್ಮಸಿಸ್ಟ್, ಮಸೀದಿಯ ಹೆಂಗಸರ ತರಗತಿ ನಡೆಸುವಾಕೆ, ಇವರಲ್ಲಿ ಒಬ್ಬರು ಬಾಯಿಬಿಟ್ಟು ಹೇಳಬೇಕು.

ಈ ಸಮುದಾಯದವರ ಅನುಮಾನಕ್ಕೂ ಕಾರಣ ಇದೆ. 1969ರಲ್ಲಿ, ನಿಮ್ಮ ಪಕ್ಕದ ಕೋವೆಂಟ್ರಿಯಲ್ಲೇ, ದಕ್ಷಿಣ ಏಷ್ಯಾ ಮೂಲದ ಸುಮಾರು 21 ಹೆಂಗಸರಿಗೆ ವಿಕಿರಣಶೀಲ ಕಬ್ಬಿಣ ಬೆರೆಸಿದ ಚಪಾತಿ ಕೊಟ್ಟು ರಕ್ತಹೀನತೆಯ ಅಧ್ಯಯನ ಮಾಡಿದ್ದರು. ಅವರಿಗೆ ವಿಷಯ ಸರಿಯಾಗಿ ತಿಳಿದಿತ್ತೇ ಅನ್ನುವ ಪ್ರಶ್ನೆ ಇವತ್ತಿಗೂ ಇದೆ. 2023ರಲ್ಲಿ ಅಲ್ಲಿನ ಸಂಸದೆ ತನಿಖೆಗೆ ಒತ್ತಾಯಿಸಿದರು. "ನನ್ನ ಮಾಹಿತಿ ಯಾರ ಕೈಗೆ ಹೋಗುತ್ತೆ?" ಅಂತ ಯಾರಾದರೂ ಕೇಳಿದರೆ ಬೇಸರಪಡಬೇಡಿ. ವೀಸಾ ಇಲಾಖೆಗೆ ಹೋಗುತ್ತೋ ಇಲ್ಲವೋ, ಅದನ್ನು ಅವರು ಕೇಳುವ ಮೊದಲೇ ಹೇಳಿಬಿಡಿ.

ಇನ್ನು ಫೋನ್. ಅರವತ್ತು ದಾಟಿದ ಹೆಂಗಸಿನ ಫೋನನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿ. ಮಗ ಬಿಟ್ಟ ಹಳೆಯ ಸೆಟ್, ಪಾಸ್‌ವರ್ಡ್ ಅವನಿಗೇ ಗೊತ್ತು, ಒಟಿಪಿ ಅವನ ನಂಬರಿಗೇ ಹೋಗುತ್ತದೆ. ವಾಟ್ಸ್ಆ್ಯಪ್‌ನ ಜುಮ್ಮಾ ಮುಬಾರಕ್ ಚಿತ್ರಗಳಿಂದಲೇ ಮೆಮೊರಿ ತುಂಬಿ ನಿಮ್ಮ ಆ್ಯಪ್‌ಗೆ ಜಾಗವೇ ಇರುವುದಿಲ್ಲ. ಮಗ ಕೆಲಸದಿಂದ ಬರುವ ತನಕ ಅಧ್ಯಯನ ಅಲ್ಲಿಗೇ ನಿಂತಿತು. ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರದಿಂದ ಬಂದು, ಶಾಲೆಯ ಮುಖ ನೋಡದ ಅಜ್ಜಿ ಆಡುವುದು ಪಹಾಡಿ ಮಾತು, ಉರ್ದು ಅಲ್ಲ. ನೀವು ಖರ್ಚು ಮಾಡಿ ಅಚ್ಚು ಹಾಕಿಸಿದ ಉರ್ದು ಒಪ್ಪಿಗೆ ಪತ್ರ ಅವರಿಗೆ ಇಂಗ್ಲಿಷಿನಷ್ಟೇ ದೂರ. ಅವರ ಮಾತಿನಲ್ಲೇ ಧ್ವನಿಮುದ್ರಣ ಮಾಡಿಸಿ.

ರಂಜಾನ್ ತಿಂಗಳಲ್ಲಿ "ಇವತ್ತು ಮಧ್ಯಾಹ್ನದ ಊಟ ದಾಖಲಿಸಿಲ್ಲ" ಅಂತ ಕುಟುಕುವ ಆ್ಯಪನ್ನು ಯಾರು ಇಟ್ಟುಕೊಳ್ಳುತ್ತಾರೆ ಹೇಳಿ? ನೆನಪಿಸುವ ಸಂದೇಶದ ಸಮಯವನ್ನು ಸೆಹ್ರಿ (ಬೆಳಗಿನ ಜಾವದ ಊಟ), ಇಫ್ತಾರ್‌ಗೆ (ಸಂಜೆ ಉಪವಾಸ ಬಿಡುವ ಊಟ) ಬದಲಿಸಲು ಬರುವಂತಿರಬೇಕು. ತಿಂಡಿಪಟ್ಟಿಯಲ್ಲಿ ಪಾಸ್ತಾ ಇದ್ದು ಪರಾಠ ಇಲ್ಲದಿದ್ದರೂ ಅದೇ ಕಥೆ.

ದುಡ್ಡಿನ ವಿಷಯ: ಆ್ಯಪ್‌ನ ಅಂದಚೆಂದಕ್ಕೆ ಇಟ್ಟ ಹಣದಲ್ಲಿ ಒಂದು ಪಾಲು ತೆಗೆದು, ಆ ಭಾಷೆ ಬಲ್ಲ ಸ್ಥಳೀಯ ಹೆಂಗಸೊಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳಿ. ಪುಕ್ಕಟೆ ಸ್ವಯಂಸೇವೆ ಅಂತ ಕೇಳಬೇಡಿ, ಅದು ಅನ್ಯಾಯ. ಸೇರಿದ ಎರಡು ಮೂರು ದಿನದಲ್ಲಿ ಅವರೇ ಪ್ರತಿಯೊಬ್ಬರಿಗೂ ಫೋನ್ ಮಾಡಲಿ, ಏಕೆಂದರೆ ಬಿಡುವವರು ಬಿಡುವುದು ಆಗಲೇ. ಧ್ವನಿ ಒಪ್ಪಿಗೆ, ಫೋನ್ ಕರೆ ಎರಡಕ್ಕೂ ಅಧ್ಯಯನಕ್ಕೆ ಅನುಮತಿ ಕೊಟ್ಟ ಎಥಿಕ್ಸ್ ಕಮಿಟಿಯಿಂದ ತಿದ್ದುಪಡಿಗೆ ಒಪ್ಪಿಗೆ ಬೇಕಾಗುತ್ತದೆ, ತಡವಾಗುತ್ತದೆ. ಇನ್ನಷ್ಟು ಜನರನ್ನು ಸೇರಿಸುವ ಮೊದಲು ಆ ಅರ್ಜಿ ಹಾಕಿಬಿಡಿ.