ಹಾವಿನ ವಿಷಕ್ಕೆ ಮದ್ದು ಮಾಡಲು ಕುದುರೆ ಯಾಕೆ ಬೇಕು?

ಊರಿಂದ ಮುಂಬೈಗೆ ಬಂದಿದ್ದ ಚಿಕ್ಕಪ್ಪನೂ ಲಸಿಕೆ, ಹಾವಿನ ಮದ್ದಿನ ಕೆಲಸಕ್ಕೆ ಹೆಸರಾದ ಪರೇಲ್‌ನ ಹಾಫ್ಕಿನ್ ಸಂಸ್ಥೆಯ ಮುಂದೆ ಇದನ್ನೇ ಕೇಳಿ, ಜೊತೆಗೆ ಇನ್ನೊಂದು ಪ್ರಶ್ನೆ ಹಾಕಿದ್ದರು. "ಕುದುರೆಗೆ ವಿಷ ಕೊಟ್ರೆ ಅದು ಸಾಯಲ್ವೇನೋ?"

ಸಾಯಲ್ಲ. ಯಾಕಂದ್ರೆ ಕೊಡುವುದು ತೀರಾ ಕಮ್ಮಿ ವಿಷ. ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಜಾಸ್ತಿ ಮಾಡುತ್ತಾ ಹೋಗುತ್ತಾರೆ. ಕುದುರೆಯ ಮೈ ಅದಕ್ಕೆ ಪ್ರತಿಕಾಯಗಳನ್ನು, ಅಂದರೆ ವಿಷವನ್ನು ಹಿಡಿದು ತಡೆಯುವ ಪ್ರೋಟೀನ್‌ಗಳನ್ನು, ತಯಾರಿಸುತ್ತದೆ. ಆಮೇಲೆ ರಕ್ತ ತೆಗೆದು, ಅದರ ತಿಳಿಹಳದಿ ದ್ರವವಾದ ಪ್ಲಾಸ್ಮಾವನ್ನು ಬೇರೆ ಮಾಡುತ್ತಾರೆ. ಕೆಂಪು ರಕ್ತಕಣಗಳನ್ನು ಸಾಮಾನ್ಯವಾಗಿ ಕುದುರೆಗೇ ವಾಪಸ್ ಕೊಡುತ್ತಾರೆ. ಪ್ಲಾಸ್ಮಾದಿಂದ ಪ್ರತಿಕಾಯಗಳನ್ನು ಶುದ್ಧ ಮಾಡಿ, ಒಣಗಿಸಿ, ಬಿಳಿ ಪುಡಿಯಾಗಿ ಸೀಸೆಗೆ ತುಂಬುತ್ತಾರೆ. ಕುದುರೆಯೇ ಯಾಕೆ? ದೊಡ್ಡ ಮೈ, ರಕ್ತ ಜಾಸ್ತಿ ಸಿಗುತ್ತದೆ, ಅಷ್ಟೇ.

ನಮ್ಮ ದೇಶದ ಮದ್ದು ನಾಲ್ಕು ಹಾವಿಗೆ ಸೇರಿಸಿ ಮಾಡಿದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ತೊಂದರೆ ಇರುವುದು ಇಲ್ಲೇ. ಕುದುರೆಗೆ ಕೊಡುವ ವಿಷ ಬಹುಪಾಲು ಬರುವುದು ತಮಿಳುನಾಡಿನ ಇರುಳರ, ಅಂದರೆ ಹಾವು ಹಿಡಿಯುವುದರಲ್ಲಿ ಪಳಗಿದ ಸಮುದಾಯದ, ಸಹಕಾರ ಸಂಘದಿಂದ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬೇರೆಯಾಗುತ್ತದೆ. ಹಾಗಾಗಿ ಕೆಲವು ಕಡೆ ಮದ್ದು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಸೀಸೆ ಜಾಸ್ತಿ ಬೇಕಾಗುತ್ತದೆ. ಪಶ್ಚಿಮ ಘಟ್ಟದ ಗೂನುಮೂಗಿನ ಮಂಡಲಕ್ಕಂತೂ ಇದು ನಾಟುವುದೇ ಇಲ್ಲ.

ಕುದುರೆಯ ಪ್ರೋಟೀನ್ ಕೆಲವರಿಗೆ ಒಗ್ಗುವುದಿಲ್ಲ, ಜೋರು ಅಲರ್ಜಿ ಆಗಬಹುದು. ಅದಕ್ಕೇ ಮನೆಯಲ್ಲಿ ಚುಚ್ಚಿಕೊಳ್ಳುವ ಮದ್ದಲ್ಲ ಇದು. ಆಸ್ಪತ್ರೆಯಲ್ಲೇ ಆಗಬೇಕು.