ಎಂಟಿಬಿ (ಮೌಂಟೇನ್ ಬೈಕ್ ಸೈಕಲ್) ಚೈನ್‌ಗೆ ವಾರವಾರ ಎಣ್ಣೆ ಹಾಕಿದರೂ ಕಿರಗುಟ್ಟುತ್ತದೆ, ಇನ್ನೂ ಜಾಸ್ತಿ ಹಾಕಬೇಕಾ?

ಚಿತ್ರದುರ್ಗದ ಕಡೆ ಮಣ್ಣುದಾರಿಯಲ್ಲಿ ಓಡಿಸುತ್ತೀರಿ. ವಾರಕ್ಕೊಮ್ಮೆ ಡಬ್ಲ್ಯುಡಿ-40 ಹೊಡೆದು, ಮೇಲೆ ಹೊಲಿಗೆ ಮಷಿನ್ ಎಣ್ಣೆ ಸುರಿಯುತ್ತೀರಿ. ಎರಡೇ ದಿನಕ್ಕೆ ಚೈನ್ ಕಿರಗುಟ್ಟುತ್ತದೆ, ಮುಟ್ಟಿದರೆ ಕೈಯೆಲ್ಲ ಕಪ್ಪು. ಇಷ್ಟು ಬರೆದು, ಎಣ್ಣೆ ಇನ್ನೂ ಜಾಸ್ತಿ ಬೇಕಾ ಅಂತ ಕೇಳಿದ್ದೀರಿ. ಬೇಡ. ಈಗಲೇ ಜಾಸ್ತಿಯಾಗಿದೆ. ನೀವು ಒರೆಸುವ ಬಗ್ಗೆ ಏನೂ ಬರೆದಿಲ್ಲ, ತೊಂದರೆ ಇರುವುದು ಅಲ್ಲೇ ಅಂತ ನನಗೆ ಅನಿಸುತ್ತದೆ.

ಮೊದಲು ಒಂದು ಕೆಲಸ ಮಾಡಿ. ಚೈನ್ ಮೇಲಿನ ಆ ಕಪ್ಪು ಮೆತ್ತೆಯನ್ನು ಸ್ವಲ್ಪ ತೆಗೆದು ಎರಡು ಬೆರಳ ನಡುವೆ ತಿಕ್ಕಿ ನೋಡಿ. ಎಣ್ಣೆಯ ಹಾಗೆ ಜಾರುವುದಿಲ್ಲ, ಸಣ್ಣ ರವೆಯ ಹಾಗೆ ನರನರ ಅನ್ನುತ್ತದೆ. ಅದು ನಿಮ್ಮೂರಿನ ಮಣ್ಣು, ಹಳೆ ಎಣ್ಣೆ, ಜೊತೆಗೆ ಚೈನ್‌ನಿಂದಲೇ ಸವೆದು ಬಂದ ಕಬ್ಬಿಣದ ಪುಡಿ. ಗ್ಯಾರೇಜಿನಲ್ಲಿ ವಾಲ್ವ್ ಉಜ್ಜಲು ಬಳಸುವ ಪೇಸ್ಟ್ ಕೂಡ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅದನ್ನು ಚೈನ್‌ಗೆ ಮೆತ್ತಿಕೊಂಡು ನೀವು ಏರು ಹತ್ತುತ್ತಿದ್ದೀರಿ.

ಚೈನ್‌ನಲ್ಲಿ ಎಣ್ಣೆ ಬೇಕಾಗಿರುವ ಜಾಗ ತುಂಬಾ ಚಿಕ್ಕದು. ಎರಡು ಪಟ್ಟಿಗಳ ನಡುವೆ ಒಂದು ಪಿನ್ ಇದೆ, ಪಿನ್ ಸುತ್ತ ಉರುಳುವ ಒಂದು ರೋಲರ್ ಇದೆ. ಈ ಎರಡರ ಮಧ್ಯದ ಕೂದಲೆಳೆಯ ಸಂದಿಗೆ ಎಣ್ಣೆ ಇಳಿಯಬೇಕು. ಹೊರಗಡೆ ಪಟ್ಟಿಗಳ ಮೇಲೆ ತುಕ್ಕು ಹಿಡಿಯದಿರುವಷ್ಟು ತೆಳು ಪಸೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಅದು ದೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ಡಬ್ಲ್ಯುಡಿ-40 ಕೆಟ್ಟದ್ದಲ್ಲ, ಆದರೆ ಅದು ಚೈನ್ ಎಣ್ಣೆ ಅಲ್ಲ. 1953ರಲ್ಲಿ ಅಮೆರಿಕದಲ್ಲಿ ಅದನ್ನು ಮಾಡಿದ್ದು ಲೋಹದ ಮೇಲಿನ ತೇವ ಓಡಿಸಿ ತುಕ್ಕು ತಡೆಯಲು. ಹೆಸರಿನಲ್ಲಿರುವ 40 ಅಂದರೆ ನಲವತ್ತನೇ ಪ್ರಯತ್ನದಲ್ಲಿ ಸರಿಬಂತು ಅಂತ. ಕೊಳೆ ಸಡಿಲ ಮಾಡಲು ಚೆನ್ನಾಗಿದೆ. ಆದರೆ ಒಳಗಿದ್ದ ಒಳ್ಳೆಯ ಎಣ್ಣೆಯನ್ನೂ ಅದು ಕರಗಿಸುತ್ತದೆ. ಆಮೇಲೆ ನೀವು ಹಾಕುವ ಹೊಲಿಗೆ ಮಷಿನ್ ಎಣ್ಣೆ ಬಹಳ ತೆಳು, ಏರಿನಲ್ಲಿ ಜೋರಾಗಿ ತುಳಿದರೆ ಪಿನ್ ಸಂದಿಯಲ್ಲಿ ನಿಲ್ಲುವುದಿಲ್ಲ. ಹೊರಗೆಲ್ಲ ಜಿಡ್ಡು, ಒಳಗೆ ಒಣ. ಅದಕ್ಕೇ ಕಿರಗುಟ್ಟುವುದು.

ತೊಳೆಯುವ ಮೊದಲು ಹಿಂದಿನ ಬ್ರೇಕ್ ಡಿಸ್ಕ್‌ಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿ. ಇದನ್ನು ದಯವಿಟ್ಟು ಮರೆಯಬೇಡಿ. ನಾನು ಒಮ್ಮೆ ಕವರ್ ಇಲ್ಲದೆ ಸ್ಪ್ರೇ ಹೊಡೆದೆ. ಡಿಸ್ಕ್ ಮೇಲೆ ಏನೂ ಕಾಣಲಿಲ್ಲ. ಮರುದಿನ ಎಸ್ಟೇಟ್ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಹಿಡಿದರೆ ಬರೀ ಕಿರುಚಾಟ, ಸೈಕಲ್ ನಿಲ್ಲುತ್ತಲೇ ಇಲ್ಲ. ಮುಂದಿನ ಬ್ರೇಕ್ ಒಂದರಲ್ಲೇ ಇಳಿದು ಬಂದೆ, ಕೈ ನಡುಗುತ್ತಿತ್ತು. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದರೆ ಸರಿಹೋಯಿತು. ಬ್ರೇಕ್ ಪ್ಯಾಡ್ ಎಣ್ಣೆ ಕುಡಿದಿತ್ತು, ಎಸೆಯಬೇಕಾಯಿತು.

ಈಗ ಚೈನ್. ನಿಮ್ಮದು ಇಷ್ಟು ಕೊಳೆಯಾಗಿರುವುದರಿಂದ ಒಂದು ಸಲ ಪೂರ್ತಿ ತೊಳೆಯಿರಿ. ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಸಿಕ್ಕರೆ ಸರಿ, ಇಲ್ಲದಿದ್ದರೆ ಸ್ವಲ್ಪ ಡೀಸೆಲ್ ಸಾಕು. ಪೆಟ್ರೋಲ್ ಮಾತ್ರ ಬೇಡ, ಒಂದು ಕಿಡಿ ಸಾಕು ಹೊತ್ತಿಕೊಳ್ಳಲು. ಹಳೆ ಹಲ್ಲುಜ್ಜುವ ಬ್ರಷ್ ಅದ್ದಿ, ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ನಾಲ್ಕೂ ಕಡೆ ಉಜ್ಜಿ. ಗೇರ್ ಬದಲಿಸುವ ಡಿರೇಲರ್‌ನಲ್ಲಿರುವ ಎರಡು ಪುಟ್ಟ ಹಲ್ಲುಚಕ್ರಗಳ ಮೇಲೆ ಗಟ್ಟಿ ಕಪ್ಪು ಪದರ ಕಟ್ಟಿರುತ್ತದೆ. ಅದನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ತೆಗೆಯಿರಿ. ಅದು ಉಳಿದರೆ ತೊಳೆದ ಚೈನ್‌ಗೆ ಮತ್ತೆ ಅದೇ ಮೆತ್ತಿಕೊಳ್ಳುತ್ತದೆ. ಪೆಡಲ್ ಬೇರಿಂಗ್, ಚಕ್ರದ ನಡುವಿನ ಹಬ್ ಕಡೆಗೆ ಡೀಸೆಲ್ ಹರಿಯಬಾರದು, ಒಳಗಿನ ಗ್ರೀಸ್ ಕರಗುತ್ತದೆ. ವಾಟರ್ ಸರ್ವಿಸ್ ಅಂಗಡಿಯ ಜೋರು ಪೈಪ್ ಕೂಡ ಇದೇ ಕಾರಣಕ್ಕೆ ಬೇಡ. ಕೊನೆಗೆ ಪಾತ್ರೆ ತೊಳೆಯುವ ಸೋಪಿನ ನೀರು, ಆಮೇಲೆ ಬರೀ ನೀರು, ಆಮೇಲೆ ಬಿಸಿಲು. ಪೂರ್ತಿ ಒಣಗಲಿ. ತೇವ ಇರುವಾಗ ಎಣ್ಣೆ ಹಾಕಿದರೆ ಸಂದಿಯಲ್ಲಿ ನೀರು ಕೂತಿರುತ್ತದೆ, ಎಣ್ಣೆಗೆ ಜಾಗವೇ ಇರುವುದಿಲ್ಲ.

ಎಣ್ಣೆಯನ್ನು ಸಂಜೆ ಹಾಕಿ. ಒಂದು ರೋಲರ್‌ಗೆ ಒಂದೇ ಹನಿ. ಚೈನ್ ಬಿಚ್ಚಲು ಬರುವ ಕೊಂಡಿಯಾದ ಕ್ವಿಕ್ ಲಿಂಕ್‌ನಿಂದ ಶುರು ಮಾಡಿದರೆ ಎಲ್ಲಿ ಮುಗಿಯಿತು ಅಂತ ಗೊತ್ತಾಗುತ್ತದೆ. ನೂರಕ್ಕೂ ಜಾಸ್ತಿ ಕೊಂಡಿ ಇರುತ್ತವೆ, ಐದು ನಿಮಿಷ ಹಿಡಿಯುತ್ತದೆ, ಅವಸರ ಬೇಡ. ಪೆಡಲ್ ಒಂದಷ್ಟು ಸುತ್ತು ತಿರುಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಳೆ ಬನಿಯನ್ ತುಂಡಿನಲ್ಲಿ ಚೈನನ್ನು ಗಟ್ಟಿಯಾಗಿ ಹಿಡಿದು ಪೆಡಲ್ ತಿರುಗಿಸಿ. ಬಟ್ಟೆಗೆ ಎಣ್ಣೆ ಹತ್ತುವುದು ನಿಲ್ಲುವವರೆಗೂ ಒರೆಸಿ. ಹಾಕಿದ್ದನ್ನೆಲ್ಲ ಸುಮ್ನೆ ಒರೆಸಿಬಿಟ್ಟೆನಲ್ಲ ಅನಿಸುತ್ತದೆ, ನನಗೂ ಅನಿಸುತ್ತಿತ್ತು. ಒಳಗೆ ಇಳಿದದ್ದು ಒಳಗೇ ಇರುತ್ತದೆ.

ಯಾವ ಎಣ್ಣೆ ಅನ್ನುವುದು ಊರಿನ ಮೇಲೆ ಹೋಗುತ್ತದೆ. ನಾನು ಸಕಲೇಶಪುರದ ಕಡೆಯವನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆ, ಕೆಸರು, ಹಳ್ಳ. ನನಗೆ ವೆಟ್ ಲ್ಯೂಬ್ ಅನ್ನುವ ಮಂದವಾದ ಚೈನ್ ಎಣ್ಣೆ ಬೇಕೇ ಬೇಕು, ತೆಳುವಾದದ್ದು ಒಂದು ಹಳ್ಳ ದಾಟುವಷ್ಟರಲ್ಲಿ ತೊಳೆದುಹೋಗುತ್ತದೆ. ನಿಮ್ಮ ಒಣ ದೂಳಿಗೆ ಅದೇ ವೆಟ್ ಲ್ಯೂಬ್ ಹಾಕಿದರೆ ಒಂದೇ ದಿನಕ್ಕೆ ಚೈನ್ ಮಣ್ಣಿನ ಹಗ್ಗ. ನೀವು ಡ್ರೈ ಲ್ಯೂಬ್ ತೆಗೆದುಕೊಳ್ಳಿ. ಅದರ ನೀರಿನಂಥ ಅಂಶ ಆರಿಹೋಗಿ ಒಳಗೆ ತೆಳು ಪದರ ಉಳಿಯುತ್ತದೆ. ಬೇಗ ಬೇಗ ಹಾಕಬೇಕಾಗುತ್ತದೆ, ಆದರೆ ಚೈನ್ ಚೊಕ್ಕಟವಾಗಿರುತ್ತದೆ. ಮೋಟಾರ್ ಬೈಕಿನ ಚೈನ್ ಸ್ಪ್ರೇ ನಿಮ್ಮ ದೂಳಿಗೆ ತೀರಾ ಅಂಟು. ಕೊಬ್ಬರಿ ಎಣ್ಣೆ ಹಾಕಿ ಅಂತಲೂ ಕೆಲವರು ಹೇಳುತ್ತಾರೆ. 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಳಿಗ್ಗೆ ಬಚ್ಚಲಲ್ಲಿ ಬಾಟಲಿ ನೋಡಿದ್ದೀರಲ್ವಾ?

ಇನ್ನು ಮುಂದೆ ವಾರದ ಲೆಕ್ಕ ಬಿಡಿ. ಪ್ರತಿ ರೈಡ್ ಮುಗಿದ ಮೇಲೆ ಒಣ ಬಟ್ಟೆಯಿಂದ ಒಂದು ನಿಮಿಷ ಒರೆಸಿ. ಚೈನ್ ಸಣ್ಣದಾಗಿ ಸದ್ದು ಶುರು ಮಾಡಿದಾಗ ಎಣ್ಣೆ. ಮಳೆಯಲ್ಲಿ ನೆನೆದರೆ ಅವತ್ತೇ ಒಣಗಿಸಿ ಎಣ್ಣೆ.

ಇಷ್ಟು ದಿನ ಪೇಸ್ಟ್‌ನಲ್ಲಿ ಓಡಿದ ಚೈನ್ ಸವೆದಿರಬಹುದು. ಒಂದಡಿಗಿಂತ ಉದ್ದದ ಸ್ಟೀಲ್ ಸ್ಕೇಲ್ ತನ್ನಿ. ಹೊಸ ಚೈನ್‌ನಲ್ಲಿ ಪಿನ್‌ನಿಂದ ಪಿನ್‌ಗೆ ಅರ್ಧ ಇಂಚು. ಅಂದರೆ ಒಂದು ಪಿನ್‌ನ ನಡುವಿನಿಂದ ಎಣಿಸಿದರೆ ಮುಂದಿನ 24ನೇ ಪಿನ್‌ನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಅಳೆಯುವಾಗ ಪೆಡಲ್ ಸ್ವಲ್ಪ ಒತ್ತಿ ಚೈನ್ ಬಿಗಿಯಾಗಿರಲಿ. ಒಂದೂವರೆ ಮಿಲಿಮೀಟರ್ ಮುಂದೆ ಹೋಗಿದ್ದರೆ ಚೈನ್ ಬದಲಿಸುವ ಹೊತ್ತು ಬಂದಿದೆ. ಮೂರು ಮಿಲಿಮೀಟರ್ ದಾಟಿದ್ದರೆ ಕ್ಯಾಸೆಟ್ಟಿನ (ಹಿಂದಿನ ಚಕ್ರದ ಗೇರ್ ಹಲ್ಲುಚಕ್ರಗಳ) ಹಲ್ಲೂ ಸವೆದಿರುವುದು ಹೆಚ್ಚುಕಡಿಮೆ ಖಚಿತ, ಹೊಸ ಚೈನ್ ಹಾಕಿದರೆ ಅದರ ಮೇಲೆ ಜಾರುತ್ತದೆ. ಅಳತೆ ಎಷ್ಟು ಬಂತು, ಹಿಂದೆ ಎಷ್ಟು ಗೇರ್ ಇದೆ ಅಂತ ಇಲ್ಲೇ ಬರೆಯಿರಿ. ಯಾವ ಚೈನ್ ಕೇಳಿ ತೆಗೆದುಕೊಳ್ಳಬೇಕು ಅಂತ ಹೇಳುತ್ತೇನೆ.